ಮೌನ ಹಿಡಿದಾಗ ಬಂದ ಧನುರ್ವಾಯು

ಈಗ ನಾನು ಮಾತಾಡುತ್ತೇನೆ, ನೀವು ಕೇಳಿಸಿಕೊಳ್ಳಿ. ನಡುವೆ ಯಾರೂ ಬಾಯಿ ಹಾಕಬೇಡಿ! ಬಾಯಿ ತೆರೆದರೆ ತೆರೆಯುತ್ತದೆ, ಮುಚ್ಚಿದರೆ ಮುಚ್ಚುತ್ತದೆ ಅನ್ನುವುದು ಎಷ್ಟು ದೊಡ್ಡ ಸಂಗತಿ ಅಂತ ನಿಮಗೆ ಗೊತ್ತಿಲ್ಲ. ನನಗೆ ಗೊತ್ತು. ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿ ಮುಂದೆ ನಿಂತು ಆ ಅಂತ ಬಾಯಿ ತೆರೆದು ನೋಡಿಕೊಳ್ಳುತ್ತೇನೆ. ನಮ್ಮನೆಯವರು ಹಲ್ಲುಜ್ಜುತ್ತಾ ಹಿಂದಿನಿಂದ ಬಗ್ಗಿ ನೋಡಿ, "ಐತಿ ಐತಿ, ಎಲ್ಲೂ ಹೋಗಿಲ್ಲ" ಅನ್ನುತ್ತಾರೆ. ಅವರಿಗೆ ತಮಾಷೆ. ನನಗೆ ಮಾತ್ರ ಆ ಕ್ಷಣ ದಿನಾ ಒಂದು ಹಬ್ಬ.

ನನ್ನ ಹೆಸರು ಸುಮಂಗಲಾ. ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ನಮ್ಮೂರಿನ ಕ್ರಾಸ್ ಇದೆ. ಆ ಕ್ರಾಸಿನಲ್ಲಿ ನಮ್ಮದೊಂದು ಮಿರ್ಚಿ, ಮಂಡಕ್ಕಿ ಒಗ್ಗರಣೆ ಅಂಗಡಿ. ನಮ್ಮನೆಯವರು, ಕೊಟ್ರೇಶ, ಎಣ್ಣೆ ಬಾಣಲೆ ಮುಂದೆ ನಿಲ್ಲುತ್ತಾರೆ. ಅವರು ಮಿರ್ಚಿ ಬಿಟ್ಟಷ್ಟು ಹೊತ್ತಿನಲ್ಲಿ ಮೂರು ಮಾತಾಡಿದರೆ ಹೆಚ್ಚು. ಹಾಗಾಗಿ ಬಾಯಿಯ ಕೆಲಸ ಪೂರ್ತಿ ನನ್ನದೇ. ಬಸ್ಸು ನಿಂತ ಕೂಡಲೇ ಕಿಟಕಿಯಿಂದ ಕಿಟಕಿಗೆ ಓಡಿ, "ಬಿಸಿ ಮಿರ್ಚಿ, ಬಿಸಿ ಒಗ್ಗರಣಿ, ತಣ್ಣಗಾದ್ರ ನನ್ನ ಕೇಳಬ್ಯಾಡ್ರಿ" ಅಂತ ಕೂಗುವುದು, ಪರಿಚಯದವರ ಮನೆ ಸುದ್ದಿ ಕೇಳುವುದು, ಪರಿಚಯ ಇಲ್ಲದವರ ಪರಿಚಯ ಮಾಡಿಕೊಳ್ಳುವುದು. "ಸುಮಕ್ಕ ಇದ್ರ ಈ ಕ್ರಾಸಿನಾಗ ಹಾರ್ನ್ ಬೇಕಾಗಂಗಿಲ್ಲ" ಅಂತ ಬಸ್ಸಿನ ಡ್ರೈವರುಗಳು ಆಡಿಕೊಳ್ಳುತ್ತಿದ್ದರು.

ಮನೆಯಲ್ಲಿ ಇನ್ನೊಬ್ಬರು ನಮ್ಮತ್ತೆ ಹಾಲಮ್ಮ. ನನ್ನ ಅಪ್ಪನ ಸ್ವಂತ ಅಕ್ಕ. ಚಿಕ್ಕವಳಿದ್ದಾಗಿನಿಂದ ಅತ್ತಿ ಅತ್ತಿ ಅಂತ ಬೆನ್ನು ಹತ್ತಿದವಳು ನಾನು. ಸೊಸೆಯಾಗಿ ಬಂದ ಮೇಲೆ ನಮ್ಮಿಬ್ಬರಿಗೂ ಎಣ್ಣೆ ಸೀಗೇಕಾಯಿ. ದೊಡ್ಡ ಜಗಳವೇನೂ ಅಲ್ಲ. ನಾನು ಒಂದು ಅಂದರೆ ಅವಳು ಎರಡು ಅನ್ನಬೇಕು, ನಾನು ಮೂರಕ್ಕೆ ನಿಲ್ಲಬೇಕಾದವಳು ನಿಲ್ಲುವುದಿಲ್ಲ. ಅವಳಿಗೆ ಹಲ್ಲಿಲ್ಲ. ಎಲೆ ಅಡಿಕೆಯನ್ನು ಪುಟ್ಟ ಕಬ್ಬಿಣದ ಒರಳಿಗೆ ಹಾಕಿ ಟಕ್ ಟಕ್ ಅಂತ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ನಾನು ಮಾತಾಡುವಾಗಲೇ ಆ ಕುಟ್ಟುವುದು ಜಾಸ್ತಿಯಾಗುತ್ತದೆ ಅನ್ನುವುದು ನನ್ನ ದೂರು.

ಆ ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ಸೀಮೆಗೆ ಮಳೆ ಬಂದರೆ ಸಾಕು ಅಂತ ಮುಗಿಲು ನೋಡುವವರು ನಾವು, ಸಾಕಪ್ಪಾ ನಿಲ್ಲು ಅಂತ ಬೇಡಿಕೊಳ್ಳುವ ಹಾಗೆ ಆಯಿತು. ಹಳ್ಳ ತುಂಬಿ ಕ್ರಾಸಿನ ರಸ್ತೆ ಕಟ್ಟಾಯಿತು, ಬಸ್ಸು ನಿಂತವು, ಅಂಗಡಿ ಮುಚ್ಚಿತು. ನಮ್ಮದು ಮಾಳಿಗೆ ಮನೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಸವಳು ಮಣ್ಣು ತಂದು ಮೇಲೆ ಹರವಿ ಬಿಟ್ಟರೆ ಒಂದು ಹನಿ ಸೋರುವುದಿಲ್ಲ. ಆದರೆ ನಡುವೆ ಒಂದಿಷ್ಟು ಬಿಸಿಲು ಬಿದ್ದು ಮಣ್ಣು ಆರಬೇಕಲ್ಲ? ಆರಲೇ ಇಲ್ಲ. ಮಾಳಿಗೆ ನೀರು ಕುಡಿದು ಕುಡಿದು ಬಸುರಿ ಎಮ್ಮೆಯ ಹೊಟ್ಟೆಯ ಹಾಗೆ ಕೆಳಗೆ ಜೋತುಬಿತ್ತು.

ಒಂದು ಮಧ್ಯಾಹ್ನ ನಾನು, ನಮ್ಮನೆಯವರು ಸಾಮಾನು ಹೊರಗೆ ಹಾಕುತ್ತಿದ್ದೆವು. ಅತ್ತೆ ದೇವರ ಜಗುಲಿಯ ಹತ್ತಿರ ಏನೋ ಎತ್ತಿಕೊಳ್ಳಲು ಒಳಗೆ ಹೋದಳು. ಆಗಲೇ ದನ ಕಟ್ಟುವ ಕಡೆಯ ಮಾಳಿಗೆ ದಬ್ ಅಂತ ಕೂತಿತು. ಧೂಳಲ್ಲ, ಕೆಸರು ಹಾರಿತು. ನಡುಮನೆಯ ತೊಲೆ ಒಂದು ಕಡೆ ಬಾಗಿ ಗೋಡೆಗೆ ಆನಿಕೊಂಡು ನಿಂತಿತ್ತು. ಅದರ ಆ ಕಡೆ ಅತ್ತೆ. ತೊಲೆ ಕಿರ್ ಅನ್ನುತ್ತಿದೆ, ಯಾವಾಗ ಬೇಕಾದರೂ ಬೀಳುತ್ತದೆ. ನಾವು ಈ ಕಡೆಯಿಂದ ಮಣ್ಣು ಎಳೆಯುತ್ತಿದ್ದೇವೆ. ಆ ಕಡೆಯಿಂದ ಅತ್ತೆಯ ಕೂಗು ಕೇಳಿತು.

"ಉಜ್ಜಿನಿ ಮರುಳಸಿದ್ದಪ್ಪಾ! ನಮ್ಮನ್ನ ಜೀವಂತ ಹೊರಗ ಹಾಕು. ನಮ್ಮ ಸುಮಿ ಶ್ರಾವಣ ಮುಗಿಯೋತನ ಮೌನ ಇರ್ತಾಳ!"

ನಾನು ಮಣ್ಣು ಎಳೆಯುವುದನ್ನು ಬಿಟ್ಟು ಒಂದು ಗಳಿಗೆ ಹಾಗೇ ನಿಂತೆ. ಬೇರೆಯವರು ಕಾಯಿ ಒಡೆಸುತ್ತೇನೆ ಅನ್ನುತ್ತಾರೆ, ನಡೆದುಕೊಂಡು ಬರುತ್ತೇನೆ ಅನ್ನುತ್ತಾರೆ. ನಮ್ಮತ್ತೆ ಹರಕೆಗೆ ಕಟ್ಟಿದ್ದು ನನ್ನ ಬಾಯಿ!

ತೊಲೆ ಬೀಳಲಿಲ್ಲ. ಸಂದಿಯಿಂದ ಅವಳನ್ನು ರಟ್ಟೆ ಹಿಡಿದು ಎಳೆದುಕೊಂಡೆವು. ಹಾಗೆ ಎಳೆಯುವಾಗಲೇ ನನ್ನ ಬಲಗಾಲಿನ ಹಿಮ್ಮಡಿಗೆ ಚಪ್ಪಲಿ ತೂರಿಕೊಂಡು ಒಂದು ಹಳೇ ಮೊಳೆ ಹತ್ತಿತು. ದನದ ಕೊಟ್ಟಿಗೆಯ ಸಗಣಿ, ಗಂಜಲ, ಮಣ್ಣು ಎಲ್ಲ ಕಲೆಸಿದ ಕೆಸರಿನೊಳಗಿದ್ದ ಮೊಳೆ. ಕಿತ್ತು ಬಿಸಾಕಿ ಅತ್ತೆಯನ್ನು ಎತ್ತಿಕೊಂಡು ಓಡಿದೆ. ನಾವು ಅಂಗಳ ದಾಟಿದ ಮೇಲೆ ತೊಲೆ ಬಿತ್ತು. ಮೂವರೂ ಕೆಸರಿನಲ್ಲಿ ಕೂತು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು, ಆಮೇಲೆ ನಕ್ಕೆವು.

ಮನೆ ಬಿದ್ದವರನ್ನೆಲ್ಲ ಊರ ಶಾಲೆಯಲ್ಲಿ ಇಟ್ಟರು. ಒಂದೊಂದು ಕೋಣೆಗೆ ನಾಲ್ಕೈದು ಮನೆಯವರು. ಬಿಸಿ ಅನ್ನ ಸಾರು ಬರುತ್ತಿತ್ತು. ಅತ್ತೆ ನನ್ನ ಹಿಮ್ಮಡಿಗೆ ಅರಿಶಿನ ಸುಣ್ಣ ಒತ್ತಿದಳು. ಒಂದು ಸಣ್ಣ ತೂತು ಅಷ್ಟೇ, ರಕ್ತವೂ ಹೆಚ್ಚು ಬರಲಿಲ್ಲ. ತಲೆ ಒಡೆದುಕೊಂಡವರು, ಕೈ ಮುರಿದುಕೊಂಡವರು ಇದ್ದ ಆ ಕೋಣೆಯಲ್ಲಿ ನನ್ನದನ್ನು ಗಾಯ ಅನ್ನಲು ನನಗೇ ನಾಚಿಕೆ. ಮೇಲೆ ಚರ್ಮ ಕೂಡಿಕೊಂಡು ಎರಡು ದಿನಕ್ಕೆ ಮರೆತೂ ಹೋಯಿತು.

ಹರಕೆಯ ಮಾತು ಮಾತ್ರ ಯಾರೂ ಮರೆಯಲಿಲ್ಲ. ಅತ್ತೆ ಪಕ್ಕದ ಚಾಪೆಯವರಿಗೆ ಹೇಳುತ್ತಿದ್ದಳು, "ನಾನೇನೋ ಅಂದೆ, ದೇವರೇನೋ ಕೇಳಿದ. ಆದ್ರ ಈಕಿ ಕೈಲೆ ಎಲ್ಲಿ ಆಕ್ಕೈತವ್ವ? ಮಧ್ಯಾಹ್ನದ ತನ ಇದ್ರ ಹೆಚ್ಚು." ಇಷ್ಟು ಸಾಕಾಯಿತು ನನಗೆ. ಮರುದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಉಜ್ಜಿನಿ ಕಡೆ ಮುಖ ಮಾಡಿ ಕೈಮುಗಿದು ಬಾಯಿ ಮುಚ್ಚಿದೆ. ಭಕ್ತಿ ಅರ್ಧ, ಹಠ ಅರ್ಧ. ಕೈಸನ್ನೆ ಮಾಡಲು ಹೋದರೆ ಅತ್ತೆ, "ಕೈಲೆ ಮಾತಾಡಿದ್ರೂ ಮಾತ" ಅಂದಳು. ಸರಿ, ಕೈಯನ್ನೂ ಕಟ್ಟಿದೆ. ಫೋನಿನಲ್ಲಿ ಹಗರಿಬೊಮ್ಮನಹಳ್ಳಿಯ ಹಾಸ್ಟೆಲಿನಿಂದ ಮಗಳು ಕಾವ್ಯ, "ಅವ್ವಾ, ನೀನು ಸುಮ್ನ ಕುಂತೀ ಅಂದ್ರ ನಂಬಾಕ ಆಗವಲ್ದು, ಒಮ್ಮಿ ಉಸಿರಾದ್ರೂ ಬಿಡು" ಅಂದಳು. ಫೋನಿಗೆ ಉಸಿರು ಬಿಟ್ಟೆ.

ಶಾಲೆಗೆ ನರ್ಸಕ್ಕ ಬಂದದ್ದು ಆಗಲೇ. ಸೂಜಿ ಔಷಧಿಯ ಡಬ್ಬಿ ಹಿಡಿದು ಕೋಣೆ ಕೋಣೆಗೂ ಬಂದು, "ಯಾರಿಗೆ ಮೊಳಿ, ತಗಡು, ಕಟ್ಟಿಗಿ ಚುಚ್ಚೇತಿ ಹೇಳ್ರಿ, ಟಿಟಿ ಮಾಡ್ತೀನಿ" ಅಂತ ಕೇಳಿದಳು. ಒಬ್ಬೊಬ್ಬರೂ ಕೈಕಾಲು ಚಾಚಿದರು. ನನ್ನ ಮುಂದೆ ಬಂದು ನಿಂತಳು. ನಾನು ಸೀರೆಯೊಳಗೆ ಕಾಲು ಮಡಚಿ ಕೂತಿದ್ದೆ. ಪಕ್ಕದವಳು, "ಆಕೀನ ಮಾತಾಡಸಬ್ಯಾಡ್ರಿ, ಮೌನ ಹಿಡಿದಾಳ" ಅಂದಳು. ನರ್ಸಕ್ಕ ಪಾಪ, ಗೌರವದಿಂದ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಮುಂದೆ ಹೋದಳು. ನಾನೂ ತಲೆಬಾಗಿಸಿ ನಮಸ್ಕಾರ ಸ್ವೀಕರಿಸಿದೆ. ಹಿಮ್ಮಡಿಯ ನೆನಪೇ ಬರಲಿಲ್ಲ ನನಗೆ. ಈಗ ನೆನೆಸಿಕೊಂಡರೆ ಮೈ ಝುಂ ಅನ್ನುತ್ತದೆ.

ಅದಾದ ಮೇಲೆ, ಇನ್ನೊಂದು ವಾರ ಆಗಿರಬೇಕು, ಬೆಳಿಗ್ಗೆ ರೊಟ್ಟಿ ಮುರಿದು ಬಾಯಿಗೆ ಇಡಲು ಹೋದರೆ ದವಡೆ ಬಿಗಿ. ನನಗೆ ಏನನ್ನಿಸಿತು ಗೊತ್ತೇ? ಮಾತಾಡದೆ ಮಾತಾಡದೆ ದವಡೆ ತುಕ್ಕು ಹಿಡಿದಿದೆ! ಇಪ್ಪತ್ನಾಲ್ಕು ಗಂಟೆ ಓಡುವ ಯಂತ್ರ ಒಮ್ಮೆಲೇ ನಿಲ್ಲಿಸಿದರೆ ಇನ್ನೇನಾಗುತ್ತದೆ? ಕುತ್ತಿಗೆ ಹಿಡಿದುಕೊಂಡಿತು, ಶಾಲೆಯ ಬಂಡೆ ನೆಲದ ಮೇಲೆ ಮಲಗಿದ್ದಕ್ಕೆ ಅಂದುಕೊಂಡೆ. ಬೆನ್ನು ಬಿಗಿಯಿತು, ಮಣ್ಣು ಹೊತ್ತಿದ್ದಕ್ಕೆ ಅಂದುಕೊಂಡೆ. ಪ್ರತಿಯೊಂದಕ್ಕೂ ನನ್ನ ಹತ್ತಿರ ಒಂದು ಕಾರಣ ತಯಾರಿತ್ತು. ಹೇಳಿಕೊಂಡಿದ್ದರೆ ಯಾರಾದರೂ ಅದನ್ನು ಸುಳ್ಳು ಮಾಡುತ್ತಿದ್ದರೋ ಏನೋ, ಹೇಳಿಕೊಳ್ಳುವ ಹಾಗಿರಲಿಲ್ಲವಲ್ಲ.

ಮರುದಿನ ಮುಖದ ಚರ್ಮವೆಲ್ಲ ಹಿಂದಕ್ಕೆ ಎಳೆದ ಹಾಗೆ ಆಯಿತು. ತುಟಿಯ ಎರಡೂ ತುದಿ ತಾವಾಗಿಯೇ ಮೇಲಕ್ಕೆ ಹೋಗಿ ನಿಂತವು. ನಾನು ನಗುತ್ತಿರಲಿಲ್ಲ, ದೇವರಾಣೆ. ಆದರೆ ನೋಡಿದವರಿಗೆಲ್ಲ ಅದು ನಗು!

"ಮುಖದಾಗ ಎಂಥಾ ಕಳಿ ಬಂದೈತಿ ನೋಡ್ರಿ" ಅಂದಳು ಒಬ್ಬಳು.

"ಮೌನದ ಶಕ್ತಿ ಅದು" ಅಂದ ಇನ್ನೊಬ್ಬ.

ಮನೆ ಬಿದ್ದ ದುಃಖದಲ್ಲಿದ್ದ ಜನ. ಅವರ ನಡುವೆ ಒಬ್ಬ ಹೆಂಗಸು ಮಾತಿಲ್ಲದೆ, ಕದಲದೆ, ನಗುತ್ತಾ ಕೂತಿದ್ದಾಳೆ. ಅವರಿಗೂ ಏನೋ ಒಂದು ಸಮಾಧಾನ ಬೇಕಿತ್ತು ಅನ್ನಿಸುತ್ತದೆ. ಬಂದು ಬಂದು ಕಾಲಿಗೆ ಬಿದ್ದರು. ಒಬ್ಬ ಮುದುಕಿ ಮೊಮ್ಮಗಳನ್ನು ತಂದು ನನ್ನ ಕಾಲ ಮೇಲೆ ಹಾಕಿದಳು. ಕೂಸು ನನ್ನ ಮುಖ ನೋಡಿ ಕಿಟಾರನೆ ಕಿರುಚಿತು. ಆ ಸದ್ದಿಗೆ ನನ್ನ ಬೆನ್ನು ಒಳಗಿನಿಂದ ಯಾರೋ ಹಗ್ಗ ಹಾಕಿ ಬಿಗಿದ ಹಾಗೆ ಸೆಟೆಯಿತು. ಪ್ರಾಣ ಹೋದಂಥ ನೋವು. ಮುಖದಲ್ಲಿ ಅದೇ ನಗು. ಹರಕೆ ಹಾಳಾಗಲಿ ಅಂತ ತೀರ್ಮಾನಿಸಿ "ಅತ್ತೀ" ಅಂತ ಕೂಗಿದೆ. ಕೂಗಿದೆ ಅಂದುಕೊಂಡೆ, ಅಷ್ಟೇ. ಹಲ್ಲು ಬಿಡಲಿಲ್ಲ. ಗಂಟಲಿನಿಂದ ಬುಸ್ ಅಂತ ಗಾಳಿ ಬಂತು. ಎದುರಿಗಿದ್ದ ಮುದುಕಿ ಅದನ್ನೂ ಆಶೀರ್ವಾದ ಅಂದುಕೊಂಡು ಕೈಮುಗಿದಳು. ಅಷ್ಟು ಜನರ ನಡುವೆ ನಾನು ಸಾಯುತ್ತಿದ್ದೇನೆ, ಯಾರಿಗೂ ಗೊತ್ತಾಗುತ್ತಿಲ್ಲ ಅಂತ ನನಗೆ ತಿಳಿದದ್ದು ಆ ಹೊತ್ತಿನಲ್ಲೇ. ಅಂಥ ಭಯ ಮಾಳಿಗೆ ಬೀಳುವಾಗಲೂ ಆಗಿರಲಿಲ್ಲ.

ಅಷ್ಟರಲ್ಲಿ ಅತ್ತೆ ಮಜ್ಜಿಗೆ ಲೋಟ ಹಿಡಿದು ಬಂದಳು. ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು. ಮುಖ ನೋಡಿದಳು. ಇನ್ನೂ ಹತ್ತಿರ ಬಂದು ನೋಡಿದಳು. ಲೋಟ ಕೆಳಗಿಟ್ಟಳು.

"ಏ ಕೊಟ್ರೇಶೀ, ಬಾ ಇಲ್ಲಿ ಲಗೂನ."

ನಮ್ಮನೆಯವರು ಓಡಿ ಬಂದರು.

"ಈಕಿ ನನ್ನ ನೋಡಿ ನಗಾಕತ್ಯಾಳ" ಅಂದಳು ಅತ್ತೆ.

"ನಗಲಿ ಬಿಡಬೇ, ಒಳ್ಳೇದಲ್ಲ?"

"ಒಳ್ಳೇದಲ್ಲೋ ಹುಚ್ಚಾ! ಇಷ್ಟು ವರ್ಷದಾಗ ಈಕಿ ನನ್ನ ನೋಡಿ ಯಾವತ್ತರ ಹಿಂಗ ನಕ್ಕಾಳ? ಮೂಗು ಮುರಿದಾಳ, ಹುಬ್ಬು ಹಾರಿಸ್ಯಾಳ, ಬೆನ್ನ ಹಿಂದ ಅಣಕಿಸ್ಯಾಳ, ನನಗ ಎಲ್ಲಾ ಗೊತ್ತೈತಿ. ಹಿಂಗ ನಕ್ಕಿಲ್ಲ. ಇದು ನಗು ಅಲ್ಲ. ನನ್ನ ಸೊಸಿಗೆ ಏನೋ ಆಗೈತಿ."

ಸುತ್ತ ಇದ್ದವರು ಸುಮ್ಮನಿರಲಿಲ್ಲ. ಹರಕೆ ಮುಗಿಯುವ ಮುಂಚೆ ಎಬ್ಬಿಸಬಾರದು, ದೇವರ ಕಳೆ ಅದು, ಮುಟ್ಟಬೇಡ ಅಂದರು. ಅತ್ತೆ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹರಕಿ ಹೊತ್ತಾಕಿ ನಾನು, ಇಳಿಸಾಕೀನೂ ನಾನ. ಸಿದ್ದಪ್ಪಗ ನಾ ಜವಾಬು ಹೇಳ್ಕೊಂತೀನಿ, ನೀವು ಸರೀರಿ" ಅಂದು ಮತ್ತೆ ನನ್ನ ಎದುರು ಕೂತಳು. ನನ್ನ ಗಲ್ಲ ಹಿಡಿದು, "ಸುಮೀ, ಮಾತಾಡವ್ವ. ಹರಕಿ ಮುಗೀತು. ಬೈ ನನ್ನ. ಮುದುಕಿ ನಿನ್ನಿಂದ ಹಿಂಗಾತು ಅನ್ನು. ಬೈ!" ಅಂದಳು.

ಬೈಯಲು ನನಗೆಷ್ಟು ಆಸೆ ಇತ್ತು! ಕಣ್ಣಿನಿಂದ ನೀರು ಇಳಿಯಿತು, ತುಟಿ ಮಾತ್ರ ನಗುತ್ತಲೇ ಇತ್ತು. ಅತ್ತೆ ಲಬೋ ಲಬೋ ಅಂತ ಬಾಯಿ ಬಡಿದುಕೊಂಡಳು. ಬದುಕಿದ್ದೇ ಆಗ ನಾನು. ಆಸ್ಪತ್ರೆಯದು ಆಮೇಲಿನ ಮಾತು.

ಬಾಯಿ ತೆರೆಯುತ್ತಿಲ್ಲ ಅಂದರೆ ಹಲ್ಲಿನ ತೊಂದರೆ ಇರಬೇಕು ಅಂತ ನಮ್ಮನೆಯವರು ಪರಿಚಯದವರ ಗಾಡಿಯಲ್ಲಿ ಹರಪನಹಳ್ಳಿಯ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬೆಂಚಿನ ತುಂಬ ಗಲ್ಲ ಊದಿಸಿಕೊಂಡವರು, ಟವೆಲ್ಲು ಕಟ್ಟಿಕೊಂಡವರು, ನರಳುವವರು. ನಡುವೆ ನಾನು ಹಲ್ಲು ಕಾಣಿಸುತ್ತಾ ಕೂತಿದ್ದೇನೆ. ಚೀಟಿ ಕೊಡುವ ಹುಡುಗಿ, "ಅಮ್ಮಾರ, ಇಲ್ಲಿಗೆ ನಗತಾ ಬಂದೋರು ಅಂದ್ರ ನೀವೊಬ್ರ ನೋಡ್ರಿ" ಅಂದಳು. ಅತ್ತೆ ಅವಳನ್ನು ಸುಡುವ ಹಾಗೆ ನೋಡಿದಳು. ಡಾಕ್ಟರು ಒಳಗೆ ಕರೆದು ದವಡೆ ಮುಟ್ಟಿ ನೋಡಿದರು. ಅವರ ಮುಖದ ಬಣ್ಣವೇ ಬದಲಾಯಿತು. ಹಲ್ಲಿನ ಮಾತೇ ಎತ್ತಲಿಲ್ಲ. "ಇವರಿಗೆ ಇತ್ತೀಚೆಗೆ ಏನಾದ್ರೂ ಚುಚ್ಚಿತ್ತಾ?" ಅಂದರು.

ಅತ್ತೆಯೇ ನನ್ನ ಹಿಮ್ಮಡಿ ಎತ್ತಿ ತೋರಿಸಿದಳು. "ಅರಿಶಿಣ ಸುಣ್ಣ ನಾನ ಒತ್ತಿದ್ದೆ ರೀ" ಅಂದಳು.

ಡಾಕ್ಟರು ತಾವೇ ನಮ್ಮ ಜೊತೆ ಹೊರಗೆ ಬಂದು ಗಾಡಿ ಹತ್ತಿಸಿ ಸರ್ಕಾರಿ ಆಸ್ಪತ್ರೆಗೆ ಫೋನು ಮಾಡಿದರು. ಬೆಂಚಿನ ಮೇಲಿದ್ದ ಹಲ್ಲುನೋವಿನವರೆಲ್ಲ ಎದ್ದು ದಾರಿ ಬಿಟ್ಟರು. ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿಗಳು ಬಿದ್ದವು, ಧನುರ್ವಾಯು ಅನ್ನುವ ಹೆಸರು ಮೊದಲ ಸಲ ಕಿವಿಗೆ ಬಿತ್ತು, ತಡಮಾಡದೆ ದಾವಣಗೆರೆಗೆ ಕಳಿಸಿದರು. ಅಂಬುಲೆನ್ಸ್ ಡ್ರೈವರಿಗೆ ಹರಪನಹಳ್ಳಿಯ ಆ ಆಸ್ಪತ್ರೆಯ ಡಾಕ್ಟರಮ್ಮ, "ಸೈರನ್ ಹಾಕಬೇಡಿ, ಬೆಳಕು ಹಾಕಬೇಡಿ, ತಗ್ಗು ನೋಡಿ ಓಡಿಸಿ" ಅಂದರು. ನೀವೇ ಹೇಳಿ, ಕೂಗದೆ ಹೋಗುವ ಅಂಬುಲೆನ್ಸನ್ನು ಎಲ್ಲಾದರೂ ಕಂಡಿದ್ದೀರಾ? ಇಡೀ ದಾರಿ ಆ ಡ್ರೈವರು ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸುತ್ತಾ ಬೀಸುತ್ತಾ ಲಾರಿಗಳನ್ನು ಪಕ್ಕಕ್ಕೆ ಸರಿಸಿಕೊಂಡು ಹೋದರಂತೆ. ಅವರ ಮುಖ ನಾನು ನೋಡಿಲ್ಲ. ಅವರ ಕೈಗೆ ಪುಣ್ಯ ಬರಲಿ.

ದಾವಣಗೆರೆಯಲ್ಲಿ ನನ್ನನ್ನು ಕತ್ತಲೆ ಕೋಣೆಗೆ ಹಾಕಿದರು. ಪರದೆ ಎಳೆದು, ಕಿವಿಗೆ ಹತ್ತಿ ಇಟ್ಟು, ನಿದ್ದೆ ಬರಿಸುವ ಔಷಧಿ ಹರಿಸಿ. ಸ್ವಲ್ಪ ಸದ್ದಾದರೆ ಸಾಕು, ಬೆಳಕು ಬಿದ್ದರೆ ಸಾಕು, ಯಾರಾದರೂ ಅಚಾನಕ್ ಮುಟ್ಟಿದರೆ ಸಾಕು, ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ತಲೆ ಮತ್ತು ಹಿಮ್ಮಡಿ ಮಾತ್ರ ಹಾಸಿಗೆಯ ಮೇಲೆ. ಉಸಿರು ನಿಂತೇಹೋಗುತ್ತದೆ ಅಂತಾದಾಗ ಗಂಟಲಿಗೆ ತೂತು ಮಾಡಿ ಕೊಳವೆ ಹಾಕಿದರು. ಆ ದಿನಗಳು ನನಗೆ ತುಂಡು ತುಂಡಾಗಿ ನೆನಪಿವೆ. ಔಷಧಿ ಸಡಿಲವಾದಾಗ ಎಲ್ಲ ಕೇಳಿಸುತ್ತಿತ್ತು, ತಿಳಿಯುತ್ತಿತ್ತು. ಈ ಕಾಯಿಲೆ ತಲೆಗೆ ಕೈ ಹಾಕುವುದಿಲ್ಲ ನೋಡಿ, ಎಲ್ಲವನ್ನೂ ಅನುಭವಿಸಲು ತಲೆಯನ್ನು ಹಾಗೇ ಬಿಡುತ್ತದೆ. ಒಮ್ಮೆ ಬಾಗಿಲ ಹತ್ತಿರ ನಮ್ಮನೆಯವರು ಕೇಳಿದರು, "ಬದುಕ್ತಾಳ್ರಿ?" ಡಾಕ್ಟರ ಉತ್ತರ, "ಇವತ್ತು ಹೇಳಲ್ಲ." ಆ ಕತ್ತಲೆಯಲ್ಲಿ ಮಲಗಿ ನಾನು ನೆನೆಸಿಕೊಂಡಿದ್ದು ದೇವರನ್ನಲ್ಲ. ಕಾವ್ಯಳ ಹತ್ತಿರ ಕೊನೆಯದಾಗಿ ಮಾತಾಡಿದ್ದು ಏನು ಅಂತ ಹುಡುಕಿದೆ. ಬರೀ ಉಸಿರು ಬಿಟ್ಟಿದ್ದು. ಅಷ್ಟು ಮಾತಾಡಿದ ಬಾಯಿ, ಮಗಳಿಗೆ ಒಂದು ಮಾತೂ ಉಳಿಸದೆ ಹೋಗುತ್ತದಲ್ಲ ಅಂತ ಹೊಟ್ಟೆ ಉರಿಯಿತು.

ಆದರೆ ಆ ಕೋಣೆಯೊಳಗೂ ಒಳ್ಳೆಯವರ ಕೈಗಳಿದ್ದವು. ಒಬ್ಬ ಸಿಸ್ಟರ್ ಸ್ಟೀಲ್ ತಟ್ಟೆಗೆ ಬಟ್ಟೆ ಸುತ್ತಿ ತರುತ್ತಿದ್ದಳು, ಕತ್ತರಿ ಇಟ್ಟರೂ ಸದ್ದಾಗಬಾರದು ಅಂತ. ಮುಟ್ಟುವ ಮುಂಚೆ ಕಿವಿಯ ಹತ್ತಿರ ಬಂದು, "ಅಕ್ಕ, ಈಗ ಎಡಗೈ ಮುಟ್ತೀನಿ" ಅಂತ ಪಿಸುಗುಟ್ಟುತ್ತಿದ್ದಳು. ನಾನು ಮಲಗಿದ ಕಲ್ಲಲ್ಲ, ಒಳಗೆ ಎಚ್ಚರ ಇದ್ದೇನೆ ಅಂತ ನಂಬಿದವಳು. ನಮ್ಮನೆಯವರು ದಿನಾ ಬಂದು ನನ್ನ ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಮಾತು ಬಾರದ ಗಂಡ ಸಿಕ್ಕನಲ್ಲ ಅಂತ ಗೋಳಾಡಿದ್ದೆ ಒಂದು ಕಾಲಕ್ಕೆ. ಆ ಕೋಣೆಗೆ ಅವರಿಗಿಂತ ತಕ್ಕ ಮನುಷ್ಯ ಇನ್ನೊಬ್ಬನಿರಲಿಲ್ಲ.

ಹೊರಗಿನ ಕಥೆ ನನಗೆ ತಿಳಿದದ್ದು ಆಮೇಲೆ, ಅವರ ಬಾಯಿಂದಲೇ, ತುಣುಕು ತುಣುಕಾಗಿ ಕೇಳಿ ಕೇಳಿ. ಕೋಣೆಯ ಹೊರಗಿನ ಬೆಂಚು ಬಿಟ್ಟು ಅತ್ತೆ ಕದಲಲಿಲ್ಲವಂತೆ. ಸದ್ದಿನಿಂದ ಸೊಸೆಗೆ ಹೀಗಾಗುತ್ತದೆ ಅಂತ ಡಾಕ್ಟರು ಹೇಳಿದ್ದೇ ತಡ, ಆ ಇಡೀ ಕೋಣೆಗಳ ಸಾಲಿಗೆ ಅವಳೇ ಪೊಲೀಸು. ಕೊಟ್ಟೂರು, ಹಡಗಲಿಯಿಂದ ಬ್ರೆಡ್ಡು, ಹಣ್ಣು ಹಿಡಿದು ಬಂದ ನೆಂಟರನ್ನು ಮೆಟ್ಟಿಲಲ್ಲೇ ತಡೆದು ಪಿಸುಮಾತಿನಲ್ಲಿ ಜಗಳ ಆಡಿ ವಾಪಸ್ಸು ಕಳಿಸುತ್ತಿದ್ದಳು. ಪಿಸುಮಾತಿನಲ್ಲಿ ಜಗಳ ಆಡಬಹುದು ಅಂತ ನಮ್ಮನೆಯವರಿಗೂ ಆವತ್ತೇ ಗೊತ್ತಾಗಿದ್ದು. ಒಬ್ಬ ನೆಂಟರ ಜೇಬಿನಲ್ಲಿ ಫೋನು ಜೋರಾಗಿ ಭಜನೆ ಹಾಡಿತು. ಅವರು ಗುಂಡಿ ಹುಡುಕುವಷ್ಟರಲ್ಲಿ ಅತ್ತೆ ಕಿತ್ತುಕೊಂಡು, ಸೀರೆಯ ಕೆಳಗೆ ಹಾಕಿ, ಅದರ ಮೇಲೆ ಕೂತುಬಿಟ್ಟಳಂತೆ! ಭಜನೆ ಮುಗಿಯುವ ತನಕ ಏಳಲಿಲ್ಲ.

ಇದನ್ನು ಹೇಳುವಾಗ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ನಮ್ಮನೆಯವರು ತಗ್ಗಿದ ದನಿಯಲ್ಲಿ, "ಅವ್ವ ಎಲಿ ಅಡಿಕಿ ಬಿಟ್ಲು" ಅಂದರು. ಒರಳು ಕುಟ್ಟಿದರೆ ಟಕ್ ಟಕ್ ಸದ್ದು ಒಳಗೆ ಹೋದೀತು ಅಂತ ಹೆದರಿ, ಬಂದ ದಿನವೇ ಒರಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಊರಿಗೆ ಕಳಿಸಿದ್ದಳಂತೆ. ಕುಟ್ಟದೆ ಅಗಿಯಲು ಅವಳಿಗೆ ಹಲ್ಲಿಲ್ಲ. ಗಂಟೆಗೊಮ್ಮೆ ಎಲೆ ಹಾಕುವವಳು ಬರಿ ಬಾಯಲ್ಲಿ ಕೂತಿದ್ದಳು. ಡಾಕ್ಟರು ಹೊರಗೆ ಬಂದಾಗಲೆಲ್ಲ ಎದ್ದು ನಿಂತು ಕೇಳುತ್ತಿದ್ದದ್ದು ಒಂದೇ ಮಾತು, "ಮಾತಾಡ್ತಾಳಲ್ರಿ?" ಬದುಕುತ್ತಾಳಾ ಅಂತ ಅವಳು ಒಮ್ಮೆಯೂ ಕೇಳಲಿಲ್ಲ.

ಸೆಳೆತ ನಿಧಾನಕ್ಕೆ ಕಡಿಮೆಯಾಯಿತು. ಒಂದು ದಿನ ಪರದೆಯನ್ನು ಒಂದು ಬೆರಳಷ್ಟು ಸರಿಸಿದರು. ಬೆಳಕು ಬಿತ್ತು, ಮೈ ಬಾಗಲಿಲ್ಲ. ಆ ಬೆಳಕಿನ ಗೆರೆಯನ್ನು ನೋಡುತ್ತಾ ಮಲಗಿದ್ದೆ, ಅಬ್ಬಾ, ಎಂಥ ಖುಷಿ! ಆಮೇಲೆ ಕೂರಿಸಿದರು, ನಿಲ್ಲಿಸಿದರು. ಕಾಲು ನನ್ನವಲ್ಲ ಅನ್ನುವ ಹಾಗಿದ್ದವು. ಕಾವ್ಯ ಬಂದು ನನ್ನ ಕಂಕುಳಿಗೆ ಕೈ ಕೊಟ್ಟು, "ತಪ್ಪು ಹೆಜ್ಜಿ ಹಾಕವ್ವ ಪುಟ್ಟಿ" ಅಂತ ನಡೆಸಿದಳು. ಅವಳಿಗೆ ನಾನು ನಡಿಗೆ ಕಲಿಸುವಾಗ ಹೇಳಿದ್ದ ಮಾತೇ. ಹಾಗೆ ಹೇಳಿ ತಾನೇ ಅತ್ತಳು.

ಈಗ ನಾನು ಅಂಗಡಿಗೆ ಬರುತ್ತೇನೆ. ದವಡೆ ಬೆಳಗಿನ ಹೊತ್ತು ಸ್ವಲ್ಪ ಬಿಗಿ, ಇಡೀ ಮಿರ್ಚಿ ಒಂದೇ ಸಲ ಬಾಯಿಗೆ ಹೋಗುವುದಿಲ್ಲ, ಮುರಿದು ತಿನ್ನುತ್ತೇನೆ. ಜೋರಾಗಿ ಲಾರಿ ಹಾರ್ನ್ ಹೊಡೆದರೆ ಇನ್ನೂ ಬೆಚ್ಚಿಬೀಳುತ್ತೇನೆ. ಒಮ್ಮೆ ಬಂದವರಿಗೆ ಈ ಕಾಯಿಲೆ ಮತ್ತೆ ಬರುವುದಿಲ್ಲ ಅಂತೇನೂ ಇಲ್ಲವಂತೆ! ಇಷ್ಟೆಲ್ಲ ಪಟ್ಟ ಮೇಲೂ ನಾನು ಲಸಿಕೆ ಹಾಕಿಸಿಕೊಳ್ಳಬೇಕು ಅಂದಾಗ ಇದು ಯಾವ ನ್ಯಾಯ ಅಂತ ಸಿಸ್ಟರ್ ಜೊತೆ ವಾದ ಮಾಡಿದೆ, ವಾದ ಮಾಡುತ್ತಲೇ ತೋಳು ಚಾಚಿದೆ. ಕ್ರಾಸಿನಲ್ಲಿ ಯಾರಾದರೂ ಕುಂಟುತ್ತಾ ಬಸ್ಸಿಳಿದರೆ ಅವರಿಗೆ ಮಿರ್ಚಿ ಇಲ್ಲ. ಮೊದಲು ಕಾಲು ತೋರಿಸಬೇಕು. "ಬಸುರಿದ್ದಾಗ ಟಿಟಿ ಮಾಡಿಸ್ಕೊಂಡೀನಿ ಬಿಡ್ರಿ" ಅನ್ನುವ ಹೆಂಗಸರಿಗೆ, ನಾನೂ ಮಾಡಿಸಿಕೊಂಡಿದ್ದೆ ಕಣವ್ವ, ಆ ಕೂಸು ಈಗ ಕಾಲೇಜಿಗೆ ಹೋಗುತ್ತದೆ ಅನ್ನುತ್ತೇನೆ. ಮತ್ತೆ, ನಿಮ್ಮ ಮನೆಯವರು ಯಾರಾದರೂ ಅಂಥ ಕತ್ತಲೆ ಕೋಣೆಯಲ್ಲಿ ಮಲಗಿದ್ದರೆ ಅವರಿಗೆ ಏನೂ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ಹೆಬ್ಬೆರಳು ಹಿಡಿದುಕೊಂಡು ನಿಲ್ಲಿ. ತಿಳಿಯುತ್ತದೆ.

ಒಂದು ಮಾತು ಬಾಕಿ ಇದೆ. ಗಂಟಲಿನಲ್ಲಿ ಕೊಳವೆ ಇರುವ ತನಕ ಉಸಿರು ಅದರಿಂದಲೇ ಹೊರಗೆ ಹೋಗಿಬಿಡುತ್ತದೆ, ದನಿ ಬರುವುದಿಲ್ಲ. ಕಾಯಿಲೆ ಇಳಿದ ಮೇಲೂ ಎಷ್ಟೋ ದಿನ ನಾನು ಮೂಕಿ. ಮತ್ತೆ ಮಾತು ಬರುತ್ತದೋ ಇಲ್ಲವೋ ಅಂತ ಒಳಗೊಳಗೇ ನಡುಕ. ಆ ದಿನಗಳಲ್ಲಿ ನಾನು ಮಾಡಿದ ಕೆಲಸ ಅಂದರೆ ಅತ್ತೆಗೆ ಬೈಗುಳ ಕೂಡಿಡುವುದು. ನನ್ನ ಬಾಯಿಯನ್ನು ಹರಕೆಗೆ ಕಟ್ಟಲು ನೀನ್ಯಾರು ಅನ್ನುವುದರಿಂದ ಶುರು ಮಾಡಿ, ಒಂದರ ಮೇಲೊಂದು ಪೇರಿಸಿ ಇಟ್ಟುಕೊಂಡಿದ್ದೆ.

ಒಂದು ಬೆಳಿಗ್ಗೆ ಡಾಕ್ಟರು ಬಂದು ಕೊಳವೆಯ ಬಾಯಿಗೆ ಬೆರಳಿಟ್ಟು ಮುಚ್ಚಿದರು. "ಏನಾದ್ರೂ ಹೇಳ್ರಿ ನೋಡೋಣ" ಅಂದರು. ನಮ್ಮನೆಯವರು ಹಾಸಿಗೆಯ ಕಾಲ ಕಡೆ. ಅತ್ತೆ ಬಾಗಿಲ ಹತ್ತಿರ, ಒಳಗೆ ಬರಲೋ ಬೇಡವೋ ಅಂತ, ಗೋಡೆ ಹಿಡಿದು ನಿಂತಿದ್ದಳು. ಎಷ್ಟೋ ದಿನದ ಮೇಲೆ ಪೂರಾ ಬೆಳಕಿನಲ್ಲಿ ನಾನು ಅವಳನ್ನು ಕಂಡದ್ದು. ಕೆನ್ನೆ ಒಳಗೆ ಹೋಗಿದ್ದವು. ಕುಪ್ಪಸ ತೋಳಿನಲ್ಲಿ ಜೋಲುತ್ತಿತ್ತು. ಎಲೆ ಇಲ್ಲದ ತುಟಿ ಬೆಳ್ಳಗಿದ್ದವು. ಪೇರಿಸಿಟ್ಟಿದ್ದು ಒಂದೂ ನೆನಪಾಗಲಿಲ್ಲ ನನಗೆ. ಗೊಗ್ಗರು ದನಿ ಹೊರಗೆ ಬಂತು, ಯಾರದೋ ದನಿಯ ಹಾಗೆ.

"ಅತ್ತೀ... ಯಾಕ ಇಷ್ಟು ಸೊರಗೀ?"

"ಸುಮ್ನಿರು, ಡಾಕ್ಟ್ರು ನಿಂತಾರ" ಅಂದಳು ಅತ್ತೆ, ಥಟ್ಟನೆ, ಇಷ್ಟು ವರ್ಷದ ರೂಢಿಯ ಮೇಲೆ.

ಅಂದವಳು ಹಾಗೇ ನಿಂತಳು. ತಾನೇನು ಅಂದೆ ಅನ್ನುವುದು ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಗೋಡೆ ಬಿಟ್ಟು ಓಡಿ ಬಂದಳು. ಡಾಕ್ಟರ ಪಕ್ಕದಿಂದ ತೂರಿಕೊಂಡು ನನ್ನ ಎರಡೂ ಕೈ ಹಿಡಿದುಕೊಂಡಳು.

"ಇಲ್ಲವ್ವ, ಇಲ್ಲ. ಸುಮ್ನಿರಬ್ಯಾಡ. ಇನ್ನೊಮ್ಮಿ ಅನ್ನು."

ಅಂದೆ. ಇನ್ನೊಮ್ಮೆ ಅನ್ನು ಅಂದಳು, ಮತ್ತೂ ಅಂದೆ. ಡಾಕ್ಟರು ಬೆರಳು ತೆಗೆಯುವ ತನಕ ಅವಳು ಕೇಳುತ್ತಲೇ ಇದ್ದಳು, ನಾನು ಅನ್ನುತ್ತಲೇ ಇದ್ದೆ.